ಜೀರಿಗೆ ಅನ್ನಕ್ಕೊಂದು ಸಹಿ

ಜನವರಿ 11

ಇವಳಿಗೆ,

ನಿನ್ನ ವಕೀಲರು ಕಳಿಸಿದ ಕಾಗದಗಳು ಶುಕ್ರವಾರ ತಲುಪಿದವು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿ ಎಂದು ಮೇಲೆ ದಪ್ಪಕ್ಷರದಲ್ಲಿದೆ. ನಾನು ಸಹಿ ಹಾಕಬೇಕಾದ ಮೂರು ಕಡೆಯೂ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೀಯ. ಅದು ವಕೀಲರ ಗುರುತಲ್ಲ, ನಿನ್ನದೇ. ಬಟ್ಟೆ ಕತ್ತರಿಸುವ ಮುಂಚೆ ನೀನು ಹಾಕುತ್ತಿದ್ದ ಗುರುತಿನ ಹಾಗೇ ಇದೆ. ಮೂವತ್ತೆರಡು ವರ್ಷ ತೂಕ ಅಳತೆ ಇಲಾಖೆಯಲ್ಲಿ ಕೆಲಸ ಮಾಡಿ, ಊರಿನ ಪ್ರತಿ ಅಂಗಡಿಯ ತಕ್ಕಡಿಗೂ ಮುದ್ರೆ ಒತ್ತಿದವನಿಗೆ ಸಹಿ ಎಲ್ಲಿ ಹಾಕಬೇಕೆಂದು ಹೇಳಿಕೊಡುವ ಅಗತ್ಯವಿರಲಿಲ್ಲ.

ಓದುತ್ತೇನೆ. ಓದದೆ ನಾನು ಯಾವುದಕ್ಕೂ ಸಹಿ ಹಾಕಿದವನಲ್ಲ.

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಫೋನ್ ಎತ್ತುವುದಿಲ್ಲ. ಮಗಳನ್ನು ಕೇಳಿದರೆ "ಅಪ್ಪ, ನನ್ನನ್ನ ಮಧ್ಯೆ ಎಳೀಬೇಡಿ" ಅನ್ನುತ್ತಾಳೆ. ಅದಕ್ಕೇ ಈ ಪತ್ರ.

ಇನ್ನೊಂದು ವಿಷಯ. ಡಾಕ್ಟರು ಹೋಟೆಲ್ ಊಟ ಬಿಡಿ ಎಂದಿದ್ದಾರೆ. ಹೊಟ್ಟೆಯ ತೊಂದರೆ, ದೊಡ್ಡದೇನಲ್ಲ. ನೀನು ವಾರಕ್ಕೆ ಮೂರು ದಿನ ನನ್ನ ಡಬ್ಬಿಗೆ ಜೀರಿಗೆ ಅನ್ನ ಹಾಕುತ್ತಿದ್ದೆಯಲ್ಲ, ಅದನ್ನು ಮಾಡುವುದು ಹೇಗೆಂದು ಬರೆದು ಕಳಿಸು. ಹೋಟೆಲಿನವರ ಜೀರಾ ರೈಸ್ ತಿಂದು ನೋಡಿದೆ, ಎಣ್ಣೆಯಲ್ಲಿ ಈಜುತ್ತಿರುತ್ತದೆ. ಅದಕ್ಕಿಂತ ನಿನ್ನದೇ ಪರವಾಗಿಲ್ಲ.

ಅಳತೆಯೆಲ್ಲ ಗ್ರಾಂ ಲೆಕ್ಕದಲ್ಲಿರಲಿ.

ನಾನು


ಜನವರಿ 19

ಇನ್‌ಸ್ಪೆಕ್ಟರ್ ಸಾಹೇಬರಿಗೆ,

ಇಪ್ಪತ್ತಾರು ವರ್ಷಕ್ಕೆ "ಪರವಾಗಿಲ್ಲ" ಎಂಬ ಸರ್ಟಿಫಿಕೇಟು ಬಂತು. ಬಹಳ ಸಂತೋಷ.

ಫೋನ್ ಎತ್ತದಿರುವುದಕ್ಕೆ ಕಾರಣ ಹೇಳುತ್ತೇನೆ, ಮತ್ತೆ ಕೇಳಬೇಡಿ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂ ಅನ್ನುತ್ತೇನೆ. ಮನೆಯಲ್ಲೂ ಅದೇ ಆಗಿತ್ತು. ಕಾಗದದಲ್ಲಾದರೆ ನನ್ನ ಸಾಲಿನ ಮಧ್ಯೆ ನೀವು ಬಾಯಿ ಹಾಕುವುದಕ್ಕಾಗುವುದಿಲ್ಲ. ನೋಡಿ, ಇಷ್ಟುದ್ದ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಇನ್ನು ಅನ್ನ. ಉದ್ದಕ್ಕಿ ತನ್ನಿ. ನೀರು ತಿಳಿಯಾಗುವವರೆಗೆ ತೊಳೆಯಿರಿ, ಉಜ್ಜಬೇಡಿ, ಕಾಳು ಮುರಿಯುತ್ತದೆ. ಅರ್ಧ ಗಂಟೆ ನೆನೆಹಾಕಿ, ಆಮೇಲೆ ನೀರು ಪೂರ್ತಿ ಬಸಿಯಿರಿ. ಅಗಲವಾದ ಪಾತ್ರೆಯಲ್ಲಿ ತುಪ್ಪ ಕಾಯಿಸಿ. ಒಂದು ಪಲಾವ್ ಎಲೆ, ಮೇಲೆ ಜೀರಿಗೆ. ಜೀರಿಗೆ ಸಿಡಿದು ಬಣ್ಣ ತಿರುಗಿದ ತಕ್ಷಣ ಅಕ್ಕಿ ಹಾಕಿ ಮೆಲ್ಲಗೆ ಕೈಯಾಡಿಸಿ. ಬಿಸಿನೀರು ಹಾಕಿ, ತಣ್ಣೀರಲ್ಲ. ಉಪ್ಪು. ಕುದಿ ಬಂದ ಮೇಲೆ ಮುಚ್ಚಿ, ಉರಿ ಸಣ್ಣ ಮಾಡಿ. ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳ ಎತ್ತಬೇಡಿ. ಇದು ನಿಮಗೆ ಕಷ್ಟ, ಗೊತ್ತು. ಯಾವುದನ್ನೂ ತೆರೆದು ನೋಡಿ ತಪ್ಪು ಹುಡುಕದೆ ಹತ್ತು ನಿಮಿಷ ಕೂತವರಲ್ಲ ನೀವು.

ಗ್ರಾಂ ನನಗೆ ಗೊತ್ತಿಲ್ಲ. ನನ್ನದು ಕಣ್ಣಳತೆ.

ಇಲ್ಲಿ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದಿನಕ್ಕೆ ನಲವತ್ತು ಹಾಸಿಗೆ ಬಟ್ಟೆ ಬರುತ್ತದೆ. ಹರಿದದ್ದಕ್ಕೆ ತೇಪೆ ಹಾಕುವುದು, ತೇಪೆ ತಡೆಯದಷ್ಟು ಹಳೆಯದಾಗಿದ್ದರೆ ಬೇರೆ ರಾಶಿಗೆ ಎಸೆಯುವುದು. ಯಾವುದು ಯಾವ ರಾಶಿಗೆ ಎನ್ನುವುದು ಕೈಗೇ ತಿಳಿಯುತ್ತದೆ. ಅರ್ಜಿಗೆ ಬೇಗ ಸಹಿ ಹಾಕಿ ಕಳಿಸಿ.

ಇಂತಿ,
ಪುಟ್ಟಿಯ ಅಮ್ಮ


ಜನವರಿ 27

ಇವಳಿಗೆ,

ನಿನ್ನ ಪತ್ರ ಬಂತು. ಮೊನ್ನೆ ಭಾನುವಾರ ಪ್ರಯೋಗ ನಡೆಸಿದೆ. ಆಫೀಸಿನಿಂದ ಮಾದರಿ ತೂಕದ ಬಟ್ಟುಗಳನ್ನು ಮನೆಗೆ ತಂದಿದ್ದೆ. ಅಕ್ಕಿ ಇನ್ನೂರು ಗ್ರಾಂ, ಜೀರಿಗೆ ನಾಲ್ಕು ಗ್ರಾಂ, ತುಪ್ಪ ಇಪ್ಪತ್ತು ಗ್ರಾಂ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಫಲಿತಾಂಶ: ಜೀರಿಗೆ ಇದ್ದಿಲಾಯಿತು, ಅನ್ನ ಗಂಜಿಯಾಯಿತು, ಪಾತ್ರೆ ಇನ್ನೂ ನೆನೆಯುತ್ತಿದೆ.

ದೋಷ ನನ್ನದಲ್ಲ. "ಬಣ್ಣ ತಿರುಗಿದ ತಕ್ಷಣ" ಎಂದು ಬರೆದಿದ್ದೀಯ. ಯಾವ ಬಣ್ಣದಿಂದ ಯಾವ ಬಣ್ಣಕ್ಕೆ? ತಕ್ಷಣ ಎಂದರೆ ಎಷ್ಟು ಸೆಕೆಂಡು? "ಬಿಸಿನೀರು ಹಾಕಿ" ಎಂದಿದ್ದೀಯ, ಎಷ್ಟು ಎಂದು ಎಲ್ಲೂ ಇಲ್ಲ. ಒಬ್ಬ ಅಂಗಡಿಯವನು ನನಗೆ ಇಂಥ ಲೆಕ್ಕ ಒಪ್ಪಿಸಿದ್ದರೆ ನೋಟಿಸ್ ಕೊಡುತ್ತಿದ್ದೆ.

ಅರ್ಜಿ ಓದಿದೆ. "ಇಬ್ಬರ ನಡುವೆ ಹೊಂದಾಣಿಕೆ ಸಾಧ್ಯವಿಲ್ಲ" ಎಂದು ಬರೆಸಿದ್ದೀಯ. ಸಾಧ್ಯವಿಲ್ಲ ಎನ್ನುವುದನ್ನು ಯಾರು ಪರೀಕ್ಷೆ ಮಾಡಿ ನೋಡಿದರು? ನಾನು ಕುಡಿದು ಬಂದವನಲ್ಲ, ಕೈಯೆತ್ತಿದವನಲ್ಲ. ಇಲಾಖೆಯಲ್ಲಿ ನನ್ನ ಮೇಲೆ ಒಂದು ಕಪ್ಪು ಚುಕ್ಕೆಯಿಲ್ಲ.

ಆದರೂ ಒಂದು ಮಾತು ಕೊಡುತ್ತೇನೆ. ನನ್ನ ಅನ್ನ ನಿನ್ನ ಅನ್ನದ ಹಾಗೆ ಬಂದ ದಿನ ಸಹಿ ಹಾಕಿ ಕಳಿಸುತ್ತೇನೆ. ಅಷ್ಟನ್ನಾದರೂ ಕಲಿಸಿಕೊಟ್ಟು ಹೋಗು.

ನಾನು


ಫೆಬ್ರವರಿ 6

ಇನ್‌ಸ್ಪೆಕ್ಟರ್ ಸಾಹೇಬರಿಗೆ,

ನಿಮ್ಮ ಮಾತು ಈಗ ಬರಹದಲ್ಲಿದೆ. ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಮದುವೆಯನ್ನು ಅನ್ನದ ಪಾತ್ರೆಗೆ ಕಟ್ಟಿದ್ದೀರಿ, ಆಗಲಿ. ನನಗೆ ಸಹಿ ಬೇಕು, ನಿಮಗೆ ಅನ್ನ ಬೇಕು. ಇಷ್ಟು ಸ್ಪಷ್ಟವಾಗಿ ನಾವಿಬ್ಬರೂ ಹಿಂದೆಂದೂ ಮಾತಾಡಿರಲಿಲ್ಲ.

ತಪ್ಪು ಎಲ್ಲಾಗಿದೆ ಎಂದರೆ, ನೀವು ಬಟ್ಟು ನೋಡುತ್ತಾ ನಿಂತಿರಿ, ಪಾತ್ರೆ ನೋಡಲಿಲ್ಲ. ಜೀರಿಗೆ ಹಾಕಿದ ಮೇಲೆ ಬೇರೆ ಕಡೆ ತಿರುಗಬೇಡಿ. ಚಟಪಟ ಸದ್ದು ಜೋರಾಗಿ, ಇನ್ನೇನು ಕಡಿಮೆಯಾಯಿತು ಅನ್ನುವಾಗ ಅಕ್ಕಿ ಹಾಕಬೇಕು. ಘಮ ಮೂಗಿಗೆ ಬಡಿದಾಗ ಸರಿ, ಘಾಟು ಬಡಿದರೆ ಕೆಟ್ಟಿತು. ಒಂದು ಲೋಟ ಅಕ್ಕಿಗೆ ಒಂದೂವರೆ ಲೋಟ ನೀರು. ನೆನೆದ ಅಕ್ಕಿ ಆಗಲೇ ನೀರು ಕುಡಿದಿರುತ್ತದೆ. ಬೆಂದ ಅನ್ನವನ್ನು ಸೌಟಿನಿಂದ ಕಲಕಬೇಡಿ, ಫೋರ್ಕಿನಿಂದ ಅಂಚಿನಿಂದ ಒಳಕ್ಕೆ ಬಿಡಿಸಿ.

ಕೊನೆಯದು, ಇದನ್ನು ಯಾರಿಗೂ ಹೇಳಿಲ್ಲ. ಬೇರೆಯಾಗಿ ಹುರಿದ ಒಂದು ಚಿಟಿಕೆ ಜೀರಿಗೆಯನ್ನು ಅಂಗೈಯಲ್ಲಿ ತಿಕ್ಕಿ, ಮುಚ್ಚಳ ತೆಗೆದ ಕೂಡಲೇ ಮೇಲೆ ಉದುರಿಸಿ. ನಿಮ್ಮ ಡಬ್ಬಿ ಮಧ್ಯಾಹ್ನದ ತನಕ ಘಮಘಮಿಸುತ್ತಿದ್ದದ್ದು ಅದರಿಂದಲೇ.

ನೀವು ಕುಡಿದು ಬರಲಿಲ್ಲ, ಕೈಯೆತ್ತಲಿಲ್ಲ. ನಿಜ. ಆದರೆ ಸಾಹೇಬರೇ, ಅದು ಗಂಡಸಿಗೆ ಇರಬೇಕಾದ ಗುಣಗಳ ಪೂರ್ತಿ ಪಟ್ಟಿ ಎಂದು ನಿಮಗೆ ಯಾರು ಹೇಳಿದರು?

ಪುಟ್ಟಿಯ ಅಮ್ಮ


ಫೆಬ್ರವರಿ 20

ಇವಳಿಗೆ,

ಇದು ಐದನೇ ಸಲ. ಇನ್ನೂ ನಿನ್ನದರ ಹಾಗಿಲ್ಲ. ಜೀರಿಗೆ ಕಪ್ಪಾಗಲಿಲ್ಲ, ಅಷ್ಟು ಸುಧಾರಿಸಿದ್ದೇನೆ. ಆದರೆ ಅನ್ನ ಮುದ್ದೆಯಾಗುತ್ತದೆ, ಮತ್ತೆ ನಡುವೆ ಕಾಳು ಗಟ್ಟಿ ಇರುತ್ತದೆ. ಏನೋ ಒಂದನ್ನು ನೀನು ಹೇಳಿಲ್ಲ ಅನ್ನಿಸುತ್ತದೆ. ಯೋಚಿಸಿ ಬರೆ, ಅವಸರವಿಲ್ಲ.

ಅಂಗೈಯಲ್ಲಿ ಜೀರಿಗೆ ತಿಕ್ಕಿದೆ. ಕೈ ತೊಳೆದರೂ ಸಂಜೆಯವರೆಗೆ ವಾಸನೆ ಹೋಗಲಿಲ್ಲ. ನಿನ್ನ ಕೈಗೆ ಈ ವಾಸನೆ ಇರುತ್ತಿತ್ತು. ನೀನು ಯಾವುದೋ ಸೋಪು ಹಾಕುತ್ತೀಯ ಎಂದುಕೊಂಡಿದ್ದೆ.

ಹೇಳಬಾರದೆಂದೇನಿಲ್ಲ, ಹೇಳುವ ಸಂದರ್ಭ ಬಂದಿರಲಿಲ್ಲ: ಆಫೀಸಿನಲ್ಲಿ ನಾನು ಡಬ್ಬಿ ತೆರೆದರೆ ಪಕ್ಕದ ಮೇಜಿನ ಗುಮಾಸ್ತ ಫೈಲು ಮುಚ್ಚಿಬಿಡುತ್ತಿದ್ದ. "ಸಾರ್, ಒಂದೇ ಒಂದು ಚಮಚ" ಎಂದು ಎಷ್ಟೋ ಸಲ ಕೇಳಿದ್ದಾನೆ. ನಾನು ಒಂದು ದಿನವೂ ಕೊಟ್ಟವನಲ್ಲ. "ಮದ್ವೆ ಆಗಯ್ಯ, ನೀನೂ ತಿನ್ನು" ಎನ್ನುತ್ತಿದ್ದೆ. ಇಡೀ ಆಫೀಸು ನಗುತ್ತಿತ್ತು.

ಮನೆ ಎಲ್ಲ ಇದ್ದ ಹಾಗೇ ಇದೆ. ನಿನ್ನ ಹೊಲಿಗೆ ಮಿಷನ್ನಿನ ಮೇಲೆ ದಿನಾ ಧೂಳು ಒರೆಸುತ್ತೇನೆ.

ನಾನು


ಮಾರ್ಚ್ 3

ಇವರಿಗೆ,

ಗುಮಾಸ್ತನ ವಿಷಯವನ್ನು ಹೊಲಿಗೆ ಕೋಣೆಯಲ್ಲೇ ಓದಿದೆ. ಮಿಷನ್ ನಿಲ್ಲಿಸಿದ್ದು ನೋಡಿ ಪಕ್ಕದವಳು "ದಾರ ಮುಗೀತೇನ್ರೀ?" ಅಂದಳು.

ಅವನಿಗೆ ಒಂದು ಚಮಚ ಕೊಡುವುದಕ್ಕೂ ಮನಸ್ಸು ಬಾರದಷ್ಟು ರುಚಿಯಾಗಿತ್ತು ಎಂದರೆ, ಪ್ರತಿ ದಿನ ಡಬ್ಬಿಯ ತಳದಲ್ಲಿ ಎರಡು ತುತ್ತು ಯಾಕೆ ವಾಪಸ್ ಬರುತ್ತಿತ್ತು? ಒಂದು ದಿನ ಎರಡು ದಿನದ ಮಾತಲ್ಲ. ಇಪ್ಪತ್ತಾರು ವರ್ಷ. ಸಂಜೆ ಡಬ್ಬಿ ತೆರೆಯುವಾಗಲೆಲ್ಲ ಇವತ್ತಾದರೂ ಖಾಲಿ ಇರುತ್ತದೇನೋ ಎಂದು ನೋಡುತ್ತಿದ್ದೆ. ಉಪ್ಪು ಹೆಚ್ಚಾಯಿತಾ, ತುಪ್ಪ ಕಡಿಮೆಯಾಯಿತಾ ಎಂದು ಆ ಎರಡು ತುತ್ತನ್ನು ನಾನೇ ತಿಂದು ನೋಡುತ್ತಿದ್ದೆ. ತಪ್ಪು ಕಾಣುತ್ತಿರಲಿಲ್ಲ. ತಪ್ಪು ಕಾಣುತ್ತಿಲ್ಲವಲ್ಲ ಎಂದು ಇನ್ನೂ ಹೆದರಿಕೆಯಾಗುತ್ತಿತ್ತು. ನಿಮ್ಮನ್ನು ಕೇಳುವ ಧೈರ್ಯವಿರಲಿಲ್ಲ. ಕೇಳಿದರೆ ಬೇರೆ ಹತ್ತು ತಪ್ಪು ಹೇಳುತ್ತಿದ್ದಿರಿ.

ನನ್ನ ಮನಸ್ಸು ಮುರಿದದ್ದು ಯಾವುದೋ ದೊಡ್ಡ ಜಗಳದಿಂದ ಅಂತ ನೀವು ಮಗಳಿಗೆ ಹೇಳಿದಿರಂತೆ. ಅಲ್ಲ. ಆ ಎರಡು ತುತ್ತಿನಿಂದ.

ಯಾಕೆ ಉಳಿಸುತ್ತಿದ್ದಿರಿ? ಇದಕ್ಕೆ ಉತ್ತರ ಬೇಕು.

ಪುಟ್ಟಿಯ ಅಮ್ಮ


ಮಾರ್ಚ್ 12

ಇವಳಿಗೆ,

ಇಷ್ಟು ಚಿಕ್ಕ ವಿಷಯವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಯಾ?

ಮದುವೆಯಾದ ಹೊಸದರಲ್ಲಿ ಒಂದು ವಾರ ಡಬ್ಬಿ ಖಾಲಿ ತಂದೆ. ನೀನು "ಸಾಲಲಿಲ್ಲವೇನೋ" ಎಂದು ಮರುದಿನ ಒತ್ತಿ ಒತ್ತಿ ತುಂಬಿದೆ. ಅಷ್ಟು ತಿಂದರೆ ಮಧ್ಯಾಹ್ನ ನಿದ್ದೆ ಬರುತ್ತಿತ್ತು. ಸ್ವಲ್ಪ ಉಳಿಸಿ ತಂದೆ, ನೀನು ಹೆಚ್ಚು ತುಂಬುವುದನ್ನು ಬಿಟ್ಟೆ. ಸರಿ ಹೋಯಿತಲ್ಲ ಎಂದು ಅದನ್ನೇ ಅಭ್ಯಾಸ ಮಾಡಿಕೊಂಡೆ. ಅಷ್ಟೇ. ಅದಕ್ಕೆ ಬೇರೆ ಯಾವ ಅರ್ಥವೂ ಇರಲಿಲ್ಲ.

ನೀನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.

ಎಂಟನೇ ಸಲವೂ ಮುದ್ದೆಯೇ ಆಯಿತು. ಅಕ್ಕಿ ಬದಲಿಸಲೇ?

ನಾನು


ಏಪ್ರಿಲ್ 18

ಇವರಿಗೆ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕ್ಷಮೆ ಕೇಳುವುದಿಲ್ಲ. "ಅಷ್ಟೇ" ಎಂಬ ನಿಮ್ಮ ಒಂದು ಪದವನ್ನು ನುಂಗಿಕೊಳ್ಳುವುದಕ್ಕೆ ಐದು ವಾರ ಹಿಡಿಯಿತು. ನೀವು ದ್ವೇಷದಿಂದ ಉಳಿಸಿದ್ದರೆ ನಾನು ಅತ್ತಿದ್ದಕ್ಕೊಂದು ಬೆಲೆಯಾದರೂ ಇರುತ್ತಿತ್ತು. ನಿದ್ದೆ ಬಾರದಿರಲೆಂದು ಉಳಿಸಿದಿರಂತೆ. ಕೇಳಬೇಕಾಗಿತ್ತು, ನಿಜ. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಆದರೆ ಒಂದು ಮಾತು ನೋಡಿ. ನಾನು ಹೆಚ್ಚು ತುಂಬುತ್ತಿದ್ದೇನೆ ಎಂದು ನಿಮಗೆ ಗೊತ್ತಾಯಿತು, ಕಡಿಮೆ ಮಾಡಿದೆ ಎಂದೂ ಗೊತ್ತಾಯಿತು. ನಡುವೆ ನನ್ನ ಮುಖ ಬಾಡಿದ್ದು ಮಾತ್ರ ನಿಮ್ಮ ತಕ್ಕಡಿಗೆ ಸಿಗಲಿಲ್ಲ.

ಈಗ ನಿಮ್ಮ ಸುಳ್ಳಿನ ವಿಷಯ. ನೆನೆಹಾಕಿದ ಅಕ್ಕಿ ಮುದ್ದೆಯೂ ಆಗಿ, ಒಳಗೆ ಗಟ್ಟಿಯೂ ಇರುವುದಿಲ್ಲ. ಎರಡರಲ್ಲಿ ಒಂದಾಗಬಹುದು. ಫೆಬ್ರವರಿಯಲ್ಲೇ ನನಗೆ ಅನುಮಾನ ಬಂದಿತ್ತು, ಬಾಯಿ ಬಿಡಲಿಲ್ಲ. ಹೋದ ವಾರ ಪುಟ್ಟಿ ಫೋನ್ ಮಾಡಿದ್ದಳು. "ಅಮ್ಮಾ, ಅಪ್ಪ ಜೀರಿಗೆ ಅನ್ನ ಮಾಡಿದ್ರು. ಕಣ್ಮುಚ್ಕೊಂಡು ತಿಂದ್ರೆ ನೀನೇ ಮಾಡ್ದಂಗಿತ್ತು. ಫೆಬ್ರವರಿಯಿಂದ ಹಿಂಗೇ ಮಾಡ್ತಿದಾರಂತೆ" ಅಂದಳು. ಹೊಟ್ಟೆಗೆ ಹಿತವಾಗಿರಬೇಕಲ್ಲ?

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಹೇಳಿದರೆ ಅದನ್ನೇ ಹಿಡಿದುಕೊಂಡು ಎಳೆದಾಡುತ್ತೀರಿ ಎಂದು. ಇಲ್ಲಿ ನಾನು ಕೆಲಸದ ಹೆಂಗಸರಿಗೆ ಕೊಟ್ಟ ಆರು ಹಾಸಿಗೆಯ ಒಂದು ಹಾಲ್‌ನಲ್ಲಿದ್ದೇನೆ. ನನ್ನದೆಂದು ಒಂದು ಮಂಚ, ಒಂದು ಕಬ್ಬಿಣದ ಪೆಟ್ಟಿಗೆ. ಒಲೆ ಹಚ್ಚುವ ಹಾಗಿಲ್ಲ, ಊಟ ಕ್ಯಾಂಟೀನಿನಲ್ಲಿ. ನಿಮಗೆ ಕಲಿಸಿದ ಅನ್ನವನ್ನು ನಾನು ಬಾಯಿಗಿಟ್ಟು ಒಂದೂವರೆ ವರ್ಷವಾಯಿತು. ಆಸ್ಪತ್ರೆಯ ಹಿಂದೆ ಒಂಟಿ ಹೆಂಗಸರಿಗೆಂದೇ ಎಂಟು ಮನೆಗಳಿವೆ. ಒಂದು ಕೋಣೆ, ಒಂದು ಅಡುಗೆಮನೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಒಂದು ಖಾಲಿಯಾಗಿದೆ. ನಮ್ಮ ಅರ್ಜಿ ಕೋರ್ಟಿಗೆ ಸಲ್ಲಿಸಿದ ರಸೀದಿ ತೋರಿಸಿದರೆ ನನಗೆ ಕೊಡುತ್ತಾರೆ. ಜೂನ್ ಮೂವತ್ತು ಕೊನೆಯ ದಿನ. ತಪ್ಪಿದರೆ ಪಟ್ಟಿಯಲ್ಲಿ ನನ್ನ ಹಿಂದಿರುವವಳಿಗೆ ಹೋಗುತ್ತದೆ. ಆಮೇಲೆ ಇನ್ನೊಂದು ಯಾವಾಗ ಖಾಲಿಯಾಗುತ್ತದೋ ಯಾರಿಗೂ ಗೊತ್ತಿಲ್ಲ.

ನನಗೆ ಐವತ್ತೊಂದು. ಈವರೆಗೆ ನನ್ನದೆಂಬ ಬಾಗಿಲು ಇರಲಿಲ್ಲ. ಅಪ್ಪನ ಮನೆ, ನಿಮ್ಮ ಮನೆ, ಈಗ ಆಸ್ಪತ್ರೆಯ ಹಾಲ್. ಅನ್ನ ಬಂದಿದೆ. ಮಾತು ಉಳಿಸಿಕೊಳ್ಳಿ.

ಪುಟ್ಟಿಯ ಅಮ್ಮ


ಮೇ 2

ಇವಳಿಗೆ,

ಸಿಕ್ಕಿಬಿದ್ದೆ. ನಿನಗೆ ಸುಳ್ಳು ಹೇಳಬಾರದಿತ್ತು. ಫೆಬ್ರವರಿ ಹದಿನೈದರಂದೇ ಅನ್ನ ಸರಿಯಾಗಿ ಬಂತು. ಮುಚ್ಚಳ ತೆಗೆದಾಗ ನನಗೇ ಗಾಬರಿಯಾಯಿತು, ನೀನು ಬಾಗಿಲು ತೆರೆದು ಒಳಗೆ ಬಂದ ಹಾಗಾಯಿತು. ಬಂತು ಎಂದು ಬರೆದರೆ ಪತ್ರ ನಿಂತುಹೋಗುತ್ತದೆ, ಸಹಿಯೂ ಹಾಕಬೇಕಾಗುತ್ತದೆ. ಅದಕ್ಕೇ ಮುದ್ದೆ ಮಾಡಿದೆ, ಕಾಗದದ ಮೇಲೆ.

ನೀನು ಒಲೆ ಇಲ್ಲದ ಜಾಗದಲ್ಲಿದ್ದೀಯ ಎಂದು ಓದಿ ಊಟ ಸೇರಲಿಲ್ಲ. ಇಲ್ಲಿ ಒಲೆ ಇದೆಯಲ್ಲ. ಎರಡು ಉರಿಯದು, ಹೋದ ತಿಂಗಳು ಬರ್ನರ್ ಬದಲಿಸಿದ್ದೇನೆ. ಬಾಗಿಲೂ ಇದೆ, ಒಳಗಿನ ಚಿಲಕವೂ ಇದೆ. ಇದನ್ನೆಲ್ಲ ಬಿಟ್ಟು ಒಂದು ಕೋಣೆಗಾಗಿ ಯಾಕೆ ಒದ್ದಾಡುತ್ತೀಯ? ಬಂದುಬಿಡು. ಡಬ್ಬಿ ಖಾಲಿ ಮಾಡಿ ತರುತ್ತೇನೆ.

ನಾನು ಬಾಯಿಬಿಟ್ಟು ಹೇಳುವವನಲ್ಲ, ಬರೆಯುತ್ತೇನೆ. ನನ್ನ ಜೀವನದಲ್ಲಿ ತಪ್ಪೇ ಕಾಣದ ವಸ್ತು ಅಂತ ಒಂದಿದ್ದರೆ ಅದು ನಿನ್ನ ಜೀರಿಗೆ ಅನ್ನ. ಆ ಕೈಯನ್ನು ಬಿಟ್ಟುಕೊಡು ಎಂದು ಕಾಗದ ಕಳಿಸಿದರೆ ಹೇಗೆ ಸಹಿ ಹಾಕಲಿ?

ನಾನು


ಮೇ 21

ಇವರಿಗೆ,

ನಾನು ಬಾಗಿಲು ಕೇಳಿದೆ, ನೀವು ಬರ್ನರ್ ತೋರಿಸುತ್ತಿದ್ದೀರಿ.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಅನ್ನ ಇದೆ, ಕೈ ಇದೆ, ಡಬ್ಬಿ ಇದೆ. ನಾನು ಎಲ್ಲಾದರೂ ಇದ್ದೇನೋ ಎಂದು ಹುಡುಕಿದೆ.

ಇನ್ನು ನಲವತ್ತು ದಿನ ಉಳಿದಿದೆ. ಸಹಿ ಹಾಕಿ ಕಳಿಸಿ.

ಪುಟ್ಟಿಯ ಅಮ್ಮ


ಜೂನ್ 1

ಇವಳಿಗೆ,

ಕೋಪ ಬಂದಿದೆ ನಿನಗೆ. ಬರಲಿ. ಕೋಪ ಇಳಿದ ಮೇಲೆ ಮಾತಾಡೋಣ. ಅರ್ಜಿ ಬೀರುವಿನಲ್ಲಿ ಭದ್ರವಾಗಿದೆ, ಎಲ್ಲೂ ಓಡಿಹೋಗುವುದಿಲ್ಲ.

ನಿವೃತ್ತಿಗೆ ಇನ್ನು ಐದು ತಿಂಗಳು. ಆಮೇಲೆ ದಿನವಿಡೀ ಮನೆಯಲ್ಲೇ ಇರುತ್ತೇನೆ. ಆಗ ನೀನು ಬಿಸಿ ಬಿಸಿಯಾಗಿಯೇ ಬಡಿಸಬಹುದು, ಡಬ್ಬಿಯ ರಗಳೆಯೂ ಇರುವುದಿಲ್ಲ. ಜೂನ್ ಮೂವತ್ತು ತಪ್ಪಿದರೆ ಆಕಾಶವೇನೂ ಬೀಳುವುದಿಲ್ಲ. ತಪ್ಪಿದರೆ ಒಳ್ಳೆಯದೇ ಆಗಬಹುದು.

ನಿನ್ನ ಕೈರುಚಿ ಇನ್ನೊಬ್ಬರಿಗೆ ಬರುವುದಿಲ್ಲ. ನಾನು ಮಾಡಿದ್ದೂ ನಕಲೇ. ಅಸಲು ಬೇಕು.

ನಾನು


ಜೂನ್ 9

ಇನ್‌ಸ್ಪೆಕ್ಟರ್ ಸಾಹೇಬರಿಗೆ,

ಅಸಲು, ನಕಲು ಎಂದು ನೀವೇ ಎತ್ತಿದಿರಿ. ಹಾಗಾದರೆ ಕೇಳಿ. ಇಷ್ಟು ದಿನ ಮುಚ್ಚಿಟ್ಟಿದ್ದೆ, ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ.

ಆ ಅನ್ನ ನಾನು ಮಾಡುತ್ತಿದ್ದದ್ದಲ್ಲ. ಕೆಳಗಿನ ಮನೆಯಲ್ಲಿ ನರ್ಸಮ್ಮ ಇದ್ದರಲ್ಲ, ಒಂಟಿಯಾಗಿ, ಅವರು ಮಾಡುತ್ತಿದ್ದದ್ದು. ಮದುವೆಯಾದ ಹೊಸದರಲ್ಲಿ ನನಗೆ ಉದ್ದಕ್ಕಿ ಅನ್ನ ಮಾಡುವುದಕ್ಕೆ ಬರುತ್ತಿರಲಿಲ್ಲ. ನಿಮ್ಮ ಬೈಗುಳಕ್ಕೆ ಹೆದರಿ ಅವರ ಹತ್ತಿರ ಹೋದೆ. ಅವರ ಬಟ್ಟೆಯೆಲ್ಲ ನಾನು ಹೊಲಿದುಕೊಡುವುದು, ಅವರು ತಮ್ಮ ಡಬ್ಬಿಯ ಜೊತೆ ನಿಮ್ಮ ಡಬ್ಬಿಗೂ ಅನ್ನ ಮಾಡುವುದು. ಸೋಮವಾರ, ಬುಧವಾರ, ಶುಕ್ರವಾರ. ನೀವು ಐದೂವರೆಗೆ ವಾಕಿಂಗ್ ಹೋಗುತ್ತಿದ್ದಿರಿ, ಏಳೂವರೆಗೆ ಬರುತ್ತಿದ್ದಿರಿ. ಅಷ್ಟರಲ್ಲಿ ಡಬ್ಬಿ ಬಾಗಿಲ ಹತ್ತಿರ ಇರುತ್ತಿತ್ತು. ಒಂದು ದಿನವಾದರೂ ನಾನು ಒಲೆಯ ಮುಂದೆ ನಿಂತು ಜೀರಿಗೆ ಹುರಿದದ್ದನ್ನು ನೋಡಿದ್ದೀರಾ? ನೆನಪು ಮಾಡಿಕೊಳ್ಳಿ. ಮೆಟ್ಟಿಲ ಹತ್ತಿರ ಬರುವಾಗಲೇ ಘಮ ಬರುತ್ತದೆ ಎಂದು ನೀವೇ ಒಮ್ಮೆ ಅಂದಿದ್ದಿರಿ.

ನಿಮಗೆ ಬರೆದ ಕ್ರಮವೆಲ್ಲ ಅವರು ಹೇಳಿದ್ದು, ಅಂಗೈಯಲ್ಲಿ ತಿಕ್ಕುವುದೂ ಸೇರಿ. ನಾನು ಮನೆ ಬಿಡುವ ಹಿಂದಿನ ವರ್ಷವೇ ಅವರು ತೀರಿಕೊಂಡರು. ಆಮೇಲೆ ನಿಮ್ಮ ಡಬ್ಬಿಗೆ ಜೀರಿಗೆ ಅನ್ನ ಕಡಿಮೆಯಾದದ್ದು ನಿಮ್ಮ ಗಮನಕ್ಕೆ ಬಂತೋ ಇಲ್ಲವೋ.

ನೀವು ಬೀರುವಿನಲ್ಲಿ ಭದ್ರವಾಗಿಟ್ಟುಕೊಂಡಿರುವ ಕೈ ನನ್ನದಲ್ಲ. ಈಗ ಹೇಳಿ, ಯಾರನ್ನು ಹಿಡಿದಿಟ್ಟುಕೊಂಡಿದ್ದೀರಿ?

ಪುಟ್ಟಿಯ ಅಮ್ಮ


ಜೂನ್ 13

ನಿನ್ನ ಪತ್ರ ನಿನ್ನೆ ಬಂತು.

ಇಪ್ಪತ್ತಾರು ವರ್ಷ ನನ್ನ ಮನೆಯಲ್ಲಿ, ನನ್ನ ಮೂಗಿನ ಕೆಳಗೆ ಕಳ್ಳ ತೂಕ ನಡೆದಿದೆ. ಊರಿನ ಅಂಗಡಿಗಳನ್ನೆಲ್ಲ ತಪಾಸಣೆ ಮಾಡಿದವನು ನಾನು. ಒಬ್ಬ ವ್ಯಾಪಾರಿ ಹೀಗೆ ಮಾಡಿದ್ದರೆ ತಕ್ಕಡಿ ಜಪ್ತಿ ಮಾಡಿ ಅಂಗಡಿ ಮುಚ್ಚಿಸುತ್ತಿದ್ದೆ. ಆಫೀಸಿನಲ್ಲಿ ಎಲ್ಲರೆದುರು "ನಮ್ಮ ಮನೆಯವಳ ಕೈಯಡುಗೆ" ಎಂದು ಎದೆಯುಬ್ಬಿಸಿ ತಿಂದೆನಲ್ಲ, ನನ್ನ ಮುಖಕ್ಕಿಷ್ಟು.

ರಾತ್ರಿಯೆಲ್ಲ ನೆನಪು ಮಾಡಿಕೊಂಡೆ. ನೀನು ಹೇಳಿದ್ದು ನಿಜ. ನೀನು ಒಲೆಯ ಮುಂದೆ ನಿಂತದ್ದನ್ನು ನಾನು ನೋಡಿಲ್ಲ. ಘಮ ಮೆಟ್ಟಿಲ ಹತ್ತಿರವೇ ಬರುತ್ತಿತ್ತು. ಕಣ್ಣು ಕಟ್ಟಿದ ಹಾಗೆ ಮಾಡಿಬಿಟ್ಟೆ.

ಇನ್ನು ಇಟ್ಟುಕೊಳ್ಳುವುದಕ್ಕೆ ಇಲ್ಲಿ ಏನಿದೆ? ಇಷ್ಟು ತಿಂಗಳು ಯಾವುದಕ್ಕೋ ಒದ್ದಾಡಿದೆ. ಮೂರು ಕಡೆಯೂ ಸಹಿ ಹಾಕಿದ್ದೇನೆ, ದಿನಾಂಕ ಸಮೇತ. ಇದರ ಜೊತೆಗೇ ಇದೆ. ರಸೀದಿ ತೆಗೆದುಕೋ, ಕೋಣೆ ತೆಗೆದುಕೋ, ಚಿಲಕ ಹಾಕಿಕೋ.


ಜುಲೈ 8

ಇವರಿಗೆ,

ಜೂನ್ ಹದಿನೇಳಕ್ಕೆ ನಿಮ್ಮ ಲಕೋಟೆ ಬಂತು. ಇಪ್ಪತ್ತೆರಡಕ್ಕೆ ಅರ್ಜಿ ಕೋರ್ಟಿಗೆ ಹೋಯಿತು. ಒಂದನೇ ತಾರೀಖಿಗೆ ಕೀಲಿಕೈ ಕೊಟ್ಟರು.

ಇನ್ನು ಈ ಮನೆಯನ್ನು ನನ್ನಿಂದ ಯಾರೂ ಕಿತ್ತುಕೊಳ್ಳುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಅನ್ನ ನಾನೇ ಮಾಡುತ್ತಿದ್ದದ್ದು. ನೀವು ವಾಕಿಂಗಿಗೆ ಹೊರಟು ಗೇಟು ಹಾಕಿದ ಸದ್ದು ಕೇಳಿದ ಮೇಲೆ ಒಲೆ ಹಚ್ಚುತ್ತಿದ್ದೆ. ನೀವು ಇದ್ದರೆ ಪಾತ್ರೆಯಲ್ಲಿ ಇಣುಕಿ ನೋಡಿ ಏನಾದರೂ ಅನ್ನುತ್ತಿದ್ದಿರಿ, ಅದಕ್ಕೆ. ನರ್ಸಮ್ಮ ಅನ್ನ ಮಾಡಿದವರೇ ಅಲ್ಲ. ಪಾಪ, ಬ್ರೆಡ್ಡು ತಿಂದು ಡ್ಯೂಟಿಗೆ ಓಡುತ್ತಿದ್ದರು. ಅಡುಗೆಮನೆಯ ಕಿಟಕಿ ಮೆಟ್ಟಿಲ ಕಡೆಗಿತ್ತಲ್ಲ, ಘಮ ಅಲ್ಲಿಂದ ಇಳಿಯುತ್ತಿತ್ತು. ಆ ಕಿಟಕಿಯನ್ನೂ ನೀವು ಮರೆತಿರಿ. ನಾನೇ ಅವರಿಗೆ ಆಗಾಗ ಒಂದು ಬಟ್ಟಲು ಕೊಡುತ್ತಿದ್ದೆ. ಬಟ್ಟಲು ತೊಳೆದು ವಾಪಸ್ ಕೊಡುವಾಗ "ತುಂಬಾ ಚೆನ್ನಾಗಿತ್ತಮ್ಮ" ಎಂದು ತಪ್ಪದೆ ಹೇಳುತ್ತಿದ್ದರು. ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿದ್ದೇನೆ. ನಿಮ್ಮನ್ನು ಕೇಳುವುದಿಲ್ಲ.

ಸುಳ್ಳು ಹೇಳಿದ್ದು ಸಹಿಗಾಗಿ. ಆದರೂ ಲಕೋಟೆ ಬರುವ ತನಕ ಪ್ರತಿ ಮಧ್ಯಾಹ್ನ ಪೋಸ್ಟ್‌ಮನ್ ಬರುವ ಹೊತ್ತಿಗೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. "ಯಾರು ಮಾಡಿದರೇನು, ಡಬ್ಬಿ ಕೊಡುತ್ತಿದ್ದವಳು ನೀನು ತಾನೇ" ಎಂದು ಒಂದು ಸಾಲು ಬಂದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಬಂದಿದ್ದರೆ ಆ ಕೋಣೆಯನ್ನು ಪಟ್ಟಿಯಲ್ಲಿ ನನ್ನ ಹಿಂದಿದ್ದವಳಿಗೆ ಬಿಟ್ಟು ಬಂದುಬಿಡುತ್ತಿದ್ದೆನೋ ಏನೋ. ಐವತ್ತೊಂದಾದರೂ ಬುದ್ಧಿ ಬಂದಿಲ್ಲ ನನಗೆ.

ಅನ್ನ ನನ್ನದು ಎಂದುಕೊಂಡಿದ್ದಷ್ಟು ದಿನ ಐದು ತಿಂಗಳು ಎಳೆದಿರಿ. ನನ್ನದಲ್ಲ ಎಂದ ಮರುದಿನ ಮೂರು ಕಡೆ ಸಹಿ ಹಾಕಿದಿರಿ. ಲಕೋಟೆ ಒಡೆದು ಹೊಲಿಗೆ ಕೋಣೆಯಲ್ಲೇ ಅತ್ತುಬಿಟ್ಟೆ. ಜೊತೆಯವರು "ಬಿಡುಗಡೆ ಸಿಕ್ತಲ್ಲ, ಖುಷಿಗೆ ಅಳ್ತಿದಾರೆ" ಅಂದರು. ನಾನು ಅಲ್ಲ ಅನ್ನಲಿಲ್ಲ.

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ನಾನು ಅಡುಗೆ ಮಾಡುತ್ತಿದ್ದೆನೋ ಇಲ್ಲವೋ ಎಂದು ನೀವು ಒಂದು ರಾತ್ರಿಯೆಲ್ಲ ನೆನಪು ಮಾಡಿಕೊಳ್ಳಬೇಕಾಯಿತು. ಮಾಡಿಕೊಂಡೂ ನೆನಪಾಗಲಿಲ್ಲ. ನಾನು ಮನೆ ಬಿಟ್ಟದ್ದು ಯಾಕೆ ಎಂದು ಮುಂದೆ ಯಾರಾದರೂ ಕೇಳಿದರೆ ಇಷ್ಟು ಹೇಳಿದರೆ ಸಾಕು.

ನಿನ್ನೆ ಹೊಸ ಮನೆಯಲ್ಲಿ ಮೊದಲ ಸಲ ಒಲೆ ಹಚ್ಚಿದೆ. ಏನು ಮಾಡಿದೆ, ಹೇಗಿತ್ತು ಎಂದು ನಿಮಗೆ ಹೇಳುವುದಿಲ್ಲ.